ಪಾತಾಳಗರಡಿ ಹಿಡಿದ ಕೈ

ಹೊಳೆಪ್ಪ ಆಮಿಷಕ್ಕೆ ಕಟ್ಟಿದ್ದ ಎರಡನೆಯ ತಗಡಿನ ಮೀನೂ ನೀರಿನಡಿಯ ಬಂಡೆಸಂದಿಗೆ ಸಿಕ್ಕಿಕೊಂಡು ದಾರ ಪಟ್ಟನೆ ಕಡಿದುಹೋಯಿತು. ಇನ್ನು ಉಳಿದದ್ದು ಒಂದೇ: ಬೆರಳುದ್ದದ ಹೊಳೆಯುವ ಲೋಹದ ತಗಡು, ಅದರ ಹೊಟ್ಟೆಯಡಿ ಎರಡು ಗಾಳ. ನೀರಿನಲ್ಲಿ ಮೇಲಕ್ಕೆಳೆದರೆ ಅದು ಗಡಗಡ ನಡುಗುತ್ತದೆ, ಚಳಿಗೆ ತಳ ಹಿಡಿದು ಮಲಗಿದ ಮೀನು ಆ ನಡುಕಕ್ಕೆ ಎದ್ದು ಬಾಯಿ ಹಾಕುತ್ತದೆ ಎಂದು ಮೊಬೈಲಿನಲ್ಲಿ ನೋಡಿ ತರಿಸಿಕೊಂಡಿದ್ದ.

ಸ್ವೆಟರಿನ ಮೇಲೆ ಸೆರಗು ಹೊದ್ದು ದಡದಲ್ಲಿ ಕೂತಿದ್ದ ಮಂಗಮ್ಮ ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡರು. ಗೊಟ್ಟಿಗೆರೆಯಾಚೆಯ ಈ ನೀರು ತುಂಬಿದ ಕಲ್ಲುಕ್ವಾರಿ ಅವರ ತಮ್ಮನದು. ಹೊಳೆಪ್ಪ ಮಂಗಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಜಯನಗರದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಅವನ ಹೆಂಡತಿ ಭಾಗ್ಯಜ್ಯೋತಿಗೆ ಏಳು ತಿಂಗಳು. ಕೃಷ್ಣೆಯ ದಡದಲ್ಲಿ ಬೆಳೆದವಳಿಗೆ ಈಗ ಮೀನಿನದೇ ಬಯಕೆ. ಮಡಿವಾಳ ಮಾರ್ಕೆಟ್ಟಿನಿಂದ ಮೂರು ಸಲ ತಂದದ್ದಾಯಿತು. ಮೂರು ಸಲವೂ ಎರಡು ತುತ್ತಿಗೇ ಐಸಿನ ವಾಸನಿ ಬರ್ತೈತಿ ಎಂದು ತಟ್ಟೆ ಸರಿಸಿದ್ದಳು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಮಾತನ್ನು ಮಂಗಮ್ಮ ನಂಬಿದವರಲ್ಲ. ಆದರೆ ನಾಲ್ಕು ದಿನದಿಂದ ಮಹಡಿಯ ಅನ್ನ ಬೀದಿನಾಯಿಯ ಪಾಲಾಗುತ್ತಿರುವುದನ್ನು ಕಣ್ಣಾರೆ ನೋಡಿದ್ದರು.

ಹೊಳೆಪ್ಪ ಕೊನೆಯ ತಗಡನ್ನು ಕಟ್ಟಿ ಎಸೆದ. ಕೆಟ್ಟುನಿಂತ ಲಿಫ್ಟನ್ನು ಹಗ್ಗ ಹಾಕಿ ಎತ್ತುವವನ ಹಾಗೆ ಜಗ್ಗಿ ಜಗ್ಗಿ ಎಳೆದ.

"ಅದು ತಳ ಮುಟ್ಟಿತೋ ಇಲ್ವೋ, ಗೊತ್ತಾಯ್ತೇನಪ್ಪಾ ನಿಂಗೆ?"

"ಜೋರ್ ಎಳದ್ರ ಜೋರ್ ನಡುಗ್ತೈತ್ರಿ ಆಂಟಿ."

"ಈ ಚಳೀಲಿ ನಿನ್ನ ಕಂಬಳಿ ಕಿತ್ತು ಎಬ್ಬಿಸಿದ್ರೆ ನೀನು ತಿಂಡಿ ತಿಂತೀಯೋ, ಜಗಳಕ್ಕೆ ಬರ್ತೀಯೋ? ಕೊಡು ಇಲ್ಲಿ."

"ಇದೊಂದ ಉಳದೈತ್ರಿ," ಎಂದು ಅವನು ಗಾಳದ ಕೋಲನ್ನು ಎದೆಗವಚಿಕೊಂಡ.

"ಅದಕ್ಕೇ ಕೇಳ್ತಿರೋದು."

ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಯಾರ ಮನೆಯ ಬಿಂದಿಗೆ ಬಾವಿಗೆ ಬಿದ್ದರೂ ಮಂಗಮ್ಮನಿಗೇ ಕರೆ ಬರುತ್ತಿತ್ತು. ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಇದು ಕೆಸರು, ಇದು ಕಲ್ಲು, ಇದು ಬಿಂದಿಗೆಯ ಕಂಠ ಎಂದು ಹಗ್ಗವೇ ಕೈಗೆ ಹೇಳಬೇಕು. ಅವಸರದಲ್ಲಿ ಜಗ್ಗಿದವರಿಗೆ ಬರಿಗೊಕ್ಕೆ. ಬೋರ್‌ವೆಲ್ ಬಂದು ಬಾವಿಗೆ ಚಪ್ಪಡಿ ಮುಚ್ಚಿದ ಮೇಲೆ ಆ ಕೈಗೆ ಕೆಲಸವಿರಲಿಲ್ಲ.

ಕೋಲು ಕೈಗೆ ಬಂದ ಮೇಲೆ ಮಂಗಮ್ಮ ಎಸೆಯುವ ಗೋಜಿಗೇ ಹೋಗಲಿಲ್ಲ. ನೀರಿನ ಮೇಲೆ ಬಾಗಿದ ಬಂಡೆಯ ತುದಿಗೆ ಹೋಗಿ ತಗಡನ್ನು ನೇರ ಕೆಳಗೆ ಬಿಟ್ಟು, ದಾರವನ್ನು ಬೆರಳಿಗೆ ಹಾಯಿಸಿಕೊಂಡು ಕಣ್ಣು ಮುಚ್ಚಿದರು. ದಾರ ಸಡಿಲವಾಯಿತು. ತಳ. ಮೆಲ್ಲಗೆ ಮೊಳದಷ್ಟು ಎತ್ತಿದರು. ಹಿಡಿಯೊಳಗೆ ಜೀರುಂಡೆ ಸಿಕ್ಕಿದಂತೆ ಬೆರಳು ಗುಂಯ್ ಎಂದಿತು. ಮತ್ತೆ ಇಳಿಯಬಿಟ್ಟರು. ಎತ್ತುವುದು, ಇಳಿಸುವುದು. ಕಾಫಿ ಆರಿತು. ಹೊಳೆಪ್ಪ ಉಗುರು ಕಚ್ಚುತ್ತ ನಿಂತ. ಎಷ್ಟನೆಯ ಸಲವೋ, ಇಳಿಯುತ್ತಿದ್ದ ತಗಡು ತಳ ಮುಟ್ಟುವ ಮೊದಲೇ ದಾರ ಸಡಿಲವಾಯಿತು.

"ಕಚ್ಚಿದೆ," ಎಂದರು ಮಂಗಮ್ಮ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆಲ್ಲಗೆ.

ಆಮೇಲಿನದೆಲ್ಲ ಗದ್ದಲ. ಕೋಲು ಬಿಲ್ಲಾಯಿತು, ಮಂಗಮ್ಮ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು, ಹೊಳೆಪ್ಪ ಪ್ಯಾಂಟು ಚಪ್ಪಲಿ ಸಮೇತ ಸೊಂಟಮಟ್ಟದ ನೀರಿಗಿಳಿದು ಟವೆಲಿನಲ್ಲಿ ಮೀನನ್ನು ಮಗುವಿನ ಹಾಗೆ ಸುತ್ತಿ ಎತ್ತಿಕೊಂಡು ಬಂದ. ಮೊಳಕ್ಕೂ ಉದ್ದದ ಕಪ್ಪು ಕೊರವ ಮೀನು. ಅವನಿಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ, ಆದರೂ ನಗು ನಿಲ್ಲಲಿಲ್ಲ.

ಮಧ್ಯಾಹ್ನ ಮಹಡಿಯಲ್ಲಿ ಭಾಗ್ಯಜ್ಯೋತಿ ಮೊದಲ ರೊಟ್ಟಿ ಮುಗಿಸಿದಳು. ಎರಡನೆಯದನ್ನು ಮೀನಿನ ಸಾರಿಗೆ ಅದ್ದುವಾಗ ಥಟ್ಟನೆ ಕೈ ತಡೆದು, ಎಡಗೈಯಿಂದ ಮಂಗಮ್ಮನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಏನಾಯಿತೋ ಎಂದು ಹೊಳೆಪ್ಪ ಸೌಟು ಹಿಡಿದೇ ಗಾಬರಿಯಿಂದ ನೋಡಿದ.

ಮಂಗಮ್ಮ ಬಂಡೆಯ ಮೇಲೆ ಮಾಡಿದಂತೆಯೇ ಕಣ್ಣು ಮುಚ್ಚಿ ಕಾದರು. ಅಂಗೈಗೆ ಒಳಗಿನಿಂದ ಪುಟ್ಟದೊಂದು ಒದೆತ ತಾಗಿತು.

"ಕಚ್ಚಿದೆ," ಎಂದರು. "ಇನ್ನೊಂದು ರೊಟ್ಟಿ ಹಾಕು."