ಕೊಡೆ ಹಿಡಿದವಳು ಯಾವ ಮನೆಯವಳು?

"ಆ ಚಿತ್ರದವಳ ಹೆಸರು ಹೇಳಿ ತ್ರಿಶಲಕ್ಕ, ಹಪ್ಪಳ ಆಮೇಲೆ ಒತ್ತುವ," ಎಂದಳು ರಾಫಿಯಾ.

ತ್ರಿಶಲಾ ತಲೆ ಎತ್ತಲಿಲ್ಲ. ಹಲಸಿನ ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಅದುಮಿದರು. "ಹೆಸರು ನಾನು ಕೇಳಲಿಲ್ಲ."

"ಹೋಗಲಿ, ಯಾವ ಮನೆ?"

"ಅದೂ ಗೊತ್ತಿಲ್ಲ."

ಶಿರ್ತಾಡಿಯ ತ್ರಿಶಲಾ ಕುಂಚ ಹಿಡಿದದ್ದು ತಡವಾಗಿ, ಸೊಸೆಗೆ ಅಡುಗೆಮನೆ ಒಪ್ಪಿಸಿದ ಮೇಲೆ. ಅವರ ಚಿತ್ರಗಳು ಸ್ವಂತ ಗೋಡೆ ಬಿಟ್ಟು ಹೋದದ್ದೆಂದರೆ ಹಿಟ್ಟಿನ ಗಿರಣಿಯವರೆಗೆ. ಈಗ ಮೂಡುಬಿದಿರೆಯ ಒಂದು ಕಲಾಸಂಘ ಅವರ ಒಂದು ಚಿತ್ರವನ್ನು 'ನಮ್ಮ ನಡುವಿನ ಮುಖಗಳು' ಎಂಬ ಪ್ರದರ್ಶನಕ್ಕೆ ಆರಿಸಿತ್ತು. ಒಂದೇ ಷರತ್ತು. ಚಿತ್ರದಲ್ಲಿರುವವರು ಉದ್ಘಾಟನೆಗೆ ಬರಬೇಕು, ಅವರಿಗೆ ಶಾಲು ಹೊದಿಸುತ್ತಾರೆ. ಹೆಸರು, ಊರು ಮೊದಲೇ ತಿಳಿಸಬೇಕು. ಇಲ್ಲವಾದರೆ ಚಿತ್ರ ಕಳಿಸುವುದೇ ಬೇಡ.

ಸಂಘದವರು ಎರಡು ಸಲ ಬರೆದಿದ್ದರು. ತ್ರಿಶಲಾ ಉತ್ತರ ಕೊಟ್ಟಿರಲಿಲ್ಲ. ಪೆನ್ನು ಹಿಡಿದು ಕೂರುವುದು, ಒಲೆಯ ನೆಪ ಮಾಡಿ ಏಳುವುದು, ಇಷ್ಟೇ ಆಗಿತ್ತು.

ಚಿತ್ರ ಜಗಲಿಯ ಗೋಡೆಗೆ ಒರಗಿತ್ತು. ಬಸ್ ಸ್ಟಾಪಿನಲ್ಲಿ ನಿಂತ ಒಬ್ಬ ಹೆಂಗಸು. ಮಡಚಿದ ಕೊಡೆ ಹೆಗಲ ಮೇಲೆ. ತುಟಿಯ ಒಂದು ತುದಿ ಮಾತ್ರ ಸ್ವಲ್ಪ ಮೇಲೆ. ಏನೋ ಹೇಳಲು ಹೊರಟು, ಬಸ್ಸು ಬರುವ ತನಕ ಇರಲಿ ಎಂದು ಬಾಯಲ್ಲೇ ಉಳಿಸಿಕೊಂಡ ಹಾಗೆ.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ರಾಫಿಯಾ ದಿನಕ್ಕೆ ಹತ್ತು ಸಲ ಅದರ ಮುಂದೆ ನಿಲ್ಲುತ್ತಿದ್ದಳು. ಈಗ ಅವಳ ಕಣ್ಣು ಕಿರಿದಾಯಿತು.

"ಒಪ್ಪಿಗೆ ಕೇಳದೆ ಬಿಡಿಸಿದ್ದಾ?"

"ಕೇಳುವ ಹಾಗೆ ಇರಲಿಲ್ಲ."

"ಅದಕ್ಕೇ ಹೆದರಿಕೆ! ಹುಡುಕುವ, ಕಾಲಿಗೆ ಬೀಳುವ, ಮುಗೀತು."

"ಎಲ್ಲಿ ಅಂತ ಹುಡುಕುವುದು ಮಾರಾಯ್ತಿ?" ತ್ರಿಶಲಾರ ಸ್ವರ ನಿಜಕ್ಕೂ ಕುಗ್ಗಿತು.

ರಾಫಿಯಾ ಚಿತ್ರದ ಫೋಟೋ ತೆಗೆದು ಹೊಲಿಗೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಳು. ಕೆಳಗೆ ಒಂದೇ ಪ್ರಶ್ನೆ: ಇವರು ಯಾವ ಮನೆ?

ಈ ಕಡೆಯವರಿಗೆ ಒಂದು ಮುಖ ಕಂಡರೆ, ಅದು ಯಾವ ಮನೆಯದೆಂದು ತಿಳಿಯುವ ತನಕ ಗಂಟಲಲ್ಲಿ ನೀರು ಇಳಿಯುವುದಿಲ್ಲ. ಗೊತ್ತಿಲ್ಲ ಎನ್ನುವುದಂತೂ ಮರ್ಯಾದೆಯ ಪ್ರಶ್ನೆ. ಹಪ್ಪಳ ಒಣಗುವ ಮೊದಲೇ ಮೂಗು ಬೆಳ್ತಂಗಡಿಯದ್ದೆಂದೂ ಗಲ್ಲ ಬಂಟ್ವಾಳದ್ದೆಂದೂ ತೀರ್ಪಾಯಿತು. ಸಂಜೆಗೆ ಹೆಸರೇ ಬಂತು: ವಿಟ್ಲದ ಸರಸ.

ಮರುದಿನ ಇಬ್ಬರೂ ಬಸ್ಸು ಹತ್ತಿದರು. ಸರಸ ಬಾಗಿಲಲ್ಲೇ ಕಾದಿದ್ದಳು.

"ನಾನೇ! ಪುತ್ತೂರಿನ ಬಸ್ಸು ನಿಲ್ಲಿಸದೆ ಹೋದ ದಿನ ಅದು. ಮುಂದಿನ ಡ್ರೈವರನಿಗೆ ಎರಡು ಹೇಳ್ಬೇಕು ಅಂತ ಬಾಯಲ್ಲೇ ಇಟ್ಟುಕೊಂಡಿದ್ದೆ. ನೀವು ಎಲ್ಲಿ ಕೂತು ಬಿಡಿಸಿದ್ದು?"

"ನಿಮಗೆ ಹಾಗೆ ಕಾಣ್ತದಾ?" ತ್ರಿಶಲಾ ಮೆಲ್ಲನೆ ಕೇಳಿದರು.

"ಕಾಣುವುದೆಂತ! ನನ್ನ ಬಾಯಿ ನನಗೆ ಗೊತ್ತಿಲ್ಲವಾ?"

"ಊರಿಗೇ ಗೊತ್ತುಂಟು," ಒಳಗಿನಿಂದ ಗಂಡನ ಸ್ವರ ಬಂತು.

ಹಿಂದೆ ಬರುವಾಗ ಬಸ್ಸಿನಲ್ಲಿ ರಾಫಿಯಾ ಯಾಕೋ ಮಂಕಾಗಿದ್ದಳು. "ಸಿಕ್ಕಿದಳಲ್ಲ. ಇನ್ನು ಪತ್ರ ಬರೆಯಿರಿ," ಎಂದಷ್ಟೇ ಹೇಳಿದಳು. ಅಷ್ಟರಲ್ಲಿ ತ್ರಿಶಲಾರ ಫೋನು ಬಡಿದುಕೊಂಡಿತು. ಅಳದಂಗಡಿಯ ಸ್ವರ್ಣಲತಾ ಎಂಬವರು.

"ನನ್ನ ಮುಖವನ್ನು ಯಾರೋ ವಿಟ್ಲದವಳು ತನ್ನದು ಅಂತ ಹೇಳ್ತಿದ್ದಾಳಂತೆ? ಅತ್ತೆಗೆ ಕೊಡಬೇಕಾದ ಉತ್ತರ ನನಗೆ ಹೊಳೆದದ್ದೇ ಆ ಸ್ಟಾಪಿನಲ್ಲಿ! ಮನೆ ಮುಟ್ಟುವಾಗ ಮರೆತು ಹೋಯ್ತು. ನೀವು ನೋಡಿದ್ದೀರಲ್ಲ, ಸಾಕು."

ಎರಡು ದಿನ ಬಿಟ್ಟು ಬಂಟ್ವಾಳದಿಂದ ನಬೀಸಾ ತಾನೇ ಬಂದಳು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ತಲೆಗೆ ಬಟ್ಟೆ ಹಾಕಲಿಲ್ಲ, ಅದು ನಿಮ್ಮ ತಪ್ಪು. ಮುಖ ನನ್ನದೇ." ಆಮೇಲೆ ಸ್ವರ ತಗ್ಗಿಸಿದಳು. "ಮಗು ಉಂಟು ಅಂತ ಡಾಕ್ಟ್ರು ಹೇಳಿದ ದಿನ. ಮದುವೆಯಾಗಿ ಒಂಬತ್ತು ವರ್ಷ ಆಗಿತ್ತು. ಬಸ್ಸಿಗೆ ನಿಂತಿದ್ದೆ, ಇನ್ನೂ ಯಾರಿಗೂ ಹೇಳಿರಲಿಲ್ಲ."

ತ್ರಿಶಲಾ ಅವಳಿಗೆ ಹಪ್ಪಳ ಕರಿದು ಕೊಟ್ಟರು.

ನಬೀಸಾ ಹೋದದ್ದೇ ತಡ, ರಾಫಿಯಾ ಸಿಡಿದಳು. "ಮೂವರಲ್ಲಿ ಇಬ್ಬರದ್ದು ಸುಳ್ಳು. ಯಾರು ನಿಜ ಅಂತ ಈಗ ಹೇಳ್ಬೇಕು."

"ಯಾರೂ ಸುಳ್ಳು ಹೇಳಿದ ಹಾಗೆ ನನಗೆ ಕಾಣಲಿಲ್ಲ."

"ಹಾಗಾದರೆ ನಾಲ್ಕನೆಯವಳೂ ಒಬ್ಬಳು ಉಂಟು!" ಅವಳ ಕಣ್ಣು ತುಂಬಿತ್ತು. "ಗ್ರೂಪಿಗೆ ಹಾಕಿದ್ದು ಯಾಕೆ ಗೊತ್ತುಂಟಾ? 'ಇದು ನೀನಲ್ಲವಾ ರಾಫಿಯಾ' ಅಂತ ಒಬ್ಬಳಾದರೂ ಕೇಳ್ಬಹುದು ಅಂತ. ಮೊದಲ ದಿನವೇ ನಾನು ಗುರುತು ಹಿಡಿದಿದ್ದೆ. ನೀವೇ ಹೇಳ್ತೀರಿ ಅಂತ ಕಾದೆ. ನೀವೂ ಹೇಳಲಿಲ್ಲ."

ತ್ರಿಶಲಾ ಅವಳನ್ನು ನೋಡಿದರು, ಚಿತ್ರವನ್ನು ನೋಡಿದರು. ಕೈ ಒರೆಸಿಕೊಂಡು ಕಾಗದ ಎಳೆದುಕೊಂಡರು. ಈ ಸಲ ನಡುವೆ ಏಳಲಿಲ್ಲ.

ಸ್ಕೂಟರಿನಲ್ಲಿ ಅಂಚೆ ಪೆಟ್ಟಿಗೆಯ ತನಕ ಕರೆದುಕೊಂಡು ಹೋದವಳು ರಾಫಿಯಾಳೇ. ಆದರೆ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಹಿಡಿದವಳು ಬಿಡಲಿಲ್ಲ. "ನಾಲ್ವರಲ್ಲಿ ಯಾರ ಹೆಸರು ಬರೆದಿದ್ದೀರಿ? ಅದನ್ನು ಹೇಳದೆ ನಾನು ಹಾಕುವವಳಲ್ಲ."

ತ್ರಿಶಲಾ ಅವಳ ಬೆರಳನ್ನು ಮೆಲ್ಲನೆ ತಟ್ಟಿದರು. ಪತ್ರ ಒಳಗೆ ಬಿತ್ತು.

"ನಾನು ಯಾರನ್ನೂ ನೋಡಿ ಬಿಡಿಸಿದ್ದಲ್ಲ ಮಾರಾಯ್ತಿ, ಅಂಥ ಒಬ್ಬ ಹೆಂಗಸು ಹುಟ್ಟಿದ್ದೇ ನನ್ನ ತಲೆಯಲ್ಲಿ; ಅದನ್ನೇ ಬರೆದಿದ್ದೇನೆ, ಮತ್ತೆ ಅವಳು ಉದ್ಘಾಟನೆಗೆ ಖಂಡಿತ ಬರ್ತಾಳೆ, ನಾಲ್ಕು ಕುರ್ಚಿ ಇಡಿ ಅಂತಲೂ ಬರೆದಿದ್ದೇನೆ."