ಜಟ್ಟ ಕೇಳಿದ ಮಾತು

ನಾಗಿ ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತಿದ್ದಳು. ಒಳಗೆ ಕ್ರಿಸ್ತುವರ ನತಾಲಿನಾ, ನಾಗಿಯ ಮಾವ, ಹಾಸಿಗೆ ಹಿಡಿದ ಜಟ್ಟನ ಬೆನ್ನು ಒರೆಸುತ್ತಿದ್ದಳು. ಇವತ್ತಾದರೂ ಏಸುವಿನ ಹೆಸರೆತ್ತಿ ಸಿಕ್ಕಿಬೀಳುತ್ತಾಳೆ ಎಂದು ನಾಗಿ ಏಳು ತಿಂಗಳಿಂದ ಕಾದಿದ್ದಳು.

ಆ ಹೆಂಗಸು ಪ್ರತಿ ಬುಧವಾರ ಕಾರವಾರದ ಬೈತಖೋಲದಿಂದ ಎರಡು ಬಸ್ಸು ಬದಲಿಸಿ ಭಾವಿಕೇರಿಗೆ ಬರುತ್ತಿದ್ದಳು. "ಬರೀ ಪ್ರಾರ್ಥನೆ ಸಾಲೂದಿಲ್ಲ, ಮಾಡಿ ತೋರ್ಸಿ ಅಂದ್ರು ಪಾದ್ರಿಯವ್ರು. ಅದ್ಕೇ ಬಂದೆ" ಎಂದು ಮೊದಲ ದಿನ ಹೇಳಿದ್ದಳು. ಕಾರವಾರದಲ್ಲಿ ರೋಗಿಗಳಿಗೇನು ಬರಗಾಲವೇ ಎಂದು ನಾಗಿ ಆಗಲೇ ಮೂಗು ಮುರಿದಿದ್ದಳು. ಆದರೆ ಲಕ್ವ ಹೊಡೆದ ಮುದುಕನ ಹೇಲು ಉಚ್ಚೆ ಬಳಿದು ಅವಳಿಗೂ ಸಾಕಾಗಿತ್ತು. ಬೇಡವೆನ್ನಲು ಮನಸ್ಸಾಗಲಿಲ್ಲ.

ಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ನತಾಲಿನಾ ಹುಣ್ಣು ತೊಳೆಯುವಳು, ಉಗುರು ತೆಗೆಯುವಳು, ಗಂಜಿ ಕುಡಿಸುವಳು. ತಾನು ಮಾತ್ರ ಈ ಮನೆಯ ಒಂದು ಗುಟುಕು ನೀರೂ ಮುಟ್ಟಳು. ಎಂಥ ಸೊಕ್ಕು ಎಂದುಕೊಳ್ಳುವಳು ನಾಗಿ. ಮುದುಕನೋ, ಅವಳು ಬಂದರೆ ಸಾಕು, ಕಣ್ಣು ಮುಚ್ಚಿಕೊಂಡು ಅಳುವನು. ಏನೋ ಮಾಟ ಮಾಡಿದ್ದಾಳೆ, ಸಂಶಯವೇ ಇಲ್ಲ.

ನಿನ್ನೆ ಜಾತಿಯ ಯಜಮಾನ ಮಾಬ್ಲೇಶ್ವರ ಬಂದು ಖಡಾಖಂಡಿತ ಹೇಳಿ ಹೋಗಿದ್ದ. "ಅಂವ ಸಾಯೂ ಹೊತ್ತಿಗೆ ಆ ದೇವ್ರ ಹೆಸ್ರು ಹೇಳಿದ್ನೋ, ಹೆಣ ಎತ್ತೂಕೆ ನಮ್ಮೋರು ಒಬ್ರೂ ಬರೂದಿಲ್ಲ ನೋಡು." ಗಂಡ ರೂಪೇಶ ಟ್ರಾಲರ್ ಹತ್ತಿ ಹೋಗಿ ವಾರವಾಗಿತ್ತು, ಮೊಬೈಲಿಗೂ ಸಿಗುತ್ತಿರಲಿಲ್ಲ. ಹೆಣ ಇಟ್ಟುಕೊಂಡು ಒಬ್ಬಳೇ ಕೂರುವುದನ್ನು ನೆನೆದು ನಾಗಿಗೆ ಜೀವವೇ ಹೋದಂತಾಗಿತ್ತು.

ಒಳಗೆ ಜಟ್ಟನ ಉಬ್ಬಸ ಏರಿತು. ತೊದಲು ದನಿ ಕೇಳಿಸಿತು. "ನಾ ಹೊರಟೆ ತಂಗೀ. ಆ ಒಂದ್ ಮಾತು... ಆ ಒಂದ್ ಮಾತು..."

ನಾಗಿ ಬಾಗಿಲು ದೂಡಿ ನುಗ್ಗಿದಳು. "ಅಕ್ಕಾ, ನಿಮ್ಮ ಕಾಲು ಹಿಡೀತೆ. ಆ ಮಾತೊಂದು ಬೇಡ. ನಮ್ಮ ಮನೆ ಹಾಳಾಗ್ತದೆ."

ನತಾಲಿನಾ ಮುದುಕನ ಮೇಲೆ ಬಾಗಿದಳು. ಜಟ್ಟನ ತುಟಿ ಇನ್ನೆರಡು ಸಲ ಅದುರಿ ನಿಂತಿತು. ಅವಳು ಅವನ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿದಳು.

"ಹೇಳ್ಲಿಲ್ಲ ಅಲ್ವಾ?" ನಾಗಿ ಕೇಳಿದಳು.

"ಇಲ್ಲ."

"ದೇವ್ರು ದೊಡ್ಡೋನು." ನಾಗಿ ಮುದುಕನ ಕಾಲಬುಡದಲ್ಲಿ ಕುಳಿತಳು. ಇನ್ನು ಹೆಣಕ್ಕೆ ಹೆಗಲು ಕೊಡಲು ಜನ ಬರುತ್ತಾರೆ.

"ಹೇಳ್ಬೇಕಾದವ್ಳು ನಾನು," ಎಂದಳು ನತಾಲಿನಾ. "ನೀ ಈ ಮನೆಗೆ ಬರೂಕಿಂತ ಮೊದ್ಲು, ಗಾಳಿ ಎದ್ದಾಗ ಇವ್ರು ತಮ್ಮ ಜೀವ ಉಳ್ಸೂಕೆ ಹಗ್ಗ ಕಡ್ದು ಸಮುದ್ರದಲ್ಲಿ ಬಿಟ್ಟು ಬಂದ ದೋಣಿಲಿ ನನ್ನ ಗಂಡ ಇದ್ದ, ತಿರುಗಿ ಬರ್ಲಿಲ್ಲ, ಕ್ಷಮಿಸ್ದೆ ಅನ್ನೂಕೆ ಅಂತ್ಲೇ ಏಳು ತಿಂಗಳು ಬಂದೆ, ನಾಲಗೆ ಹೊರಳಲೇ ಇಲ್ಲ."