ಎಡಗಡೆ ಸೀಟಿನ ಸದ್ದು

ಕೀಲಿ ಕೊಟ್ಟುಬಿಡಲೇ... ಬೇಡವೇ?

ಈ ಗ್ಯಾರೇಜಿನವನು ಹೇಳುವುದು ನಿಜವಿದ್ದರೆ? ನಡುದಾರಿಯಲ್ಲಿ ಸ್ಟೇರಿಂಗ್ ಕೈಕೊಟ್ಟರೆ? ಪಕ್ಕದಲ್ಲಿ ಅವ್ವ ಕೂತಿರುತ್ತಾಳೆ...

ಬೈಪಾಸ್ ಪಕ್ಕದ ಗ್ಯಾರೇಜಿನಲ್ಲಿ ನಿಂತ ಚನ್ನವೀರನಿಗೆ ಏನೂ ತೋಚಲಿಲ್ಲ.

“ಟರ್ನಿಂಗ್‌ನ್ಯಾಗ ಟಕ್ ಟಕ್ ಅಂತೈತಲ್ರಿ ಸರ್... ಸ್ಟೇರಿಂಗ್ ಸೆಟ್ ಪೂರಾ ಹೊಸಾದು ಹಾಕಬೇಕು. ರಿಸ್ಕ್ ತಗೋಬ್ಯಾಡ್ರಿ.” ಗ್ಯಾರೇಜಿನವನು ಬಾನೆಟ್ ಕೂಡ ಎತ್ತಿ ನೋಡಿರಲಿಲ್ಲ.

ಅವನು ಕೇಳಿದಷ್ಟು ಹಣ ಚನ್ನವೀರನ ಹತ್ತಿರ ಇತ್ತು. ಆದರೆ ಅದು ಅವ್ವನ ಕಣ್ಣಿನ ಆಪರೇಷನ್‌ಗೆಂದು ತೆಗೆದಿಟ್ಟದ್ದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮುಂದಿನ ವಾರಕ್ಕೆ ತಾರೀಖು ಸಿಕ್ಕಿತ್ತು.

ಗದುಗಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಪ್ರೆಸ್ಸಿನವನಿಗೆ ಎರಡೂ ಖರ್ಚು ಒಟ್ಟಿಗೆ ಆಗುವ ಮಾತಲ್ಲ.

ಗ್ಯಾರೇಜಿನವನು ಫೋನಿನಲ್ಲೂ ಇದನ್ನೇ ಹೇಳಿದ್ದನ್ನು ಕೇಳಿಸಿಕೊಂಡು ಬೆಳಿಗ್ಗೆ ಅವ್ವ ಹೇಳಿದ್ದಳು... “ಮೊದಲ ಗಾಡಿ ಮಾಡಸಪಾ. ನನ್ನ ಕಣ್ಣಿಗೆ ಏನ್ ಅವಸರ? ಒಂದು ಕಾಣತೈತಲ್ಲ.”

ಆ ಮಾತೇ ಅವನನ್ನು ಕೊರೆಯುತ್ತಿತ್ತು. ಕೀಲಿಯನ್ನು ಜೇಬಿಗಿಟ್ಟುಕೊಂಡ. “ನಾಳೆ ಬರ್ತೇನ್ರಿ.”

ಹೊರಗೆ ಬಂದು ಗೆಳೆಯ ಫಕೀರೇಶನಿಗೆ ಫೋನ್ ಮಾಡಿದ. ಫಕೀರೇಶ ಮೆಕ್ಯಾನಿಕ್ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ತನ್ನ ಹಳೇ ಕಾರಿಗೆ ಏನಾದರೂ ಆದರೆ ಮೊದಲು ತಾನೇ ಕೂತು ನೋಡುವ ಅಭ್ಯಾಸದವನು.

“ಬಿಲ್ ಕೊಡೂದಕ್ಕಿಂತ ಮೊದಲ ಗೆಳ್ಯಾನ ಕರೀಬೇಕಂತ ತಿಳೀಲಿಲ್ಲೇನಲೇ ಚನ್ಯಾ? ಒಂದು ಚಾ ಕುಡಿಸಿದ್ರ ಮುಗೀತು, ಬಾ.”

ಅಂದು ರಜೆ. ಎಪಿಎಂಸಿ ಯಾರ್ಡ್ ಖಾಲಿ ಬಿದ್ದಿತ್ತು. ಇಬ್ಬರೂ ಕಾರಿನೊಳಗಿದ್ದ ನೀರಿನ ಬಾಟಲಿ, ಕೊಡೆ, ಕಾರ್ಡಿನ ಕಟ್ಟು ಎಲ್ಲವನ್ನೂ ಕೆಳಗಿಳಿಸಿದರು.

“ರೇಡಿಯೋ ಬಂದ್ ಮಾಡು. ಏಸಿ ಬಂದ್ ಮಾಡು. ಆಮ್ಯಾಲ ನೀನೂ ಬಂದ್ ಆಗು,” ಎಂದ ಫಕೀರೇಶ.

ಕಾರು ನಿಧಾನ ಹೊರಟಿತು. ಇಬ್ಬರೂ ಮಾತಾಡಲಿಲ್ಲ. ಈ ಕಾರನ್ನು ತಾನು ಒಂದು ದಿನವೂ ಹೀಗೆ ಸುಮ್ಮನೆ ಕೂತು ಓಡಿಸಿಲ್ಲ ಎಂದು ಚನ್ನವೀರನಿಗೆ ಆಗ ಹೊಳೆಯಿತು...

ಎಡಕ್ಕೆ ತಿರುಗಿಸಿದ. ಟಕ್. ಬಲಕ್ಕೆ ತಿರುಗಿಸಿದ. ಟಕ್.

“ಈಗ ನೆಟ್ಟಗ ಹೋಗಿ ಬ್ರೇಕ್ ಹಾಕು.”

ಟಕ್!

“ನೋಡಿದಿ? ಸ್ಟೇರಿಂಗ್ ಅಲ್ಲಾಡಿಸ್ಲೇ ಇಲ್ಲ, ಆದ್ರೂ ಸದ್ದು ಬಂತು. ಅಂದ್ರ ಅದು ಸ್ಟೇರಿಂಗಿಂದ ಅಲ್ಲೋ ಮಾರಾಯ.”

ಫಕೀರೇಶ ಹಿಂದಿನ ಸೀಟಿಗೆ ಹೋಗಿ ಬಗ್ಗಿ, ಮುಂದಿನ ಎಡಗಡೆ ಸೀಟಿನ ಹತ್ತಿರ ಕಿವಿ ಇಟ್ಟ. ಮತ್ತೆ ಬ್ರೇಕ್.

“ನಿಲ್ಲಸು! ಗಾಡಿ ಕೆಳಗಲ್ಲ... ಒಳಗೇ ಐತಿ.”

ಸೀಟಿನ ಕೆಳಗೆ ಕೈ ಹಾಕಿ ತಡಕಾಡಿದ. ಕಂದುಗಟ್ಟಿದ, ಕಟ್ಟಿಗೆಯಂತೆ ಗಟ್ಟಿಯಾದ ದುಂಡನೆಯ ಏನೋ ಟಕ್ ಎಂದು ಉರುಳಿ ಕೈಗೆ ಸಿಕ್ಕಿತು. ಅದರ ಹಿಂದೆ ಇನ್ನೊಂದು... ಮತ್ತೊಂದು...

ಒಣಗಿದ ನಿಂಬೆಹಣ್ಣುಗಳು.

ಚನ್ನವೀರ ಬಾಗಿಲ ಕಡೆ ಸರಿದ. “ಮಾಟ! ಯಾರೋ ಮಾಟ ಮಾಡಿಸ್ಯಾರ ಪಕ್ಯಾ... ಮುಟ್ಟಬ್ಯಾಡ, ಒಗಿ ಅದನ್ನ!”

ಫಕೀರೇಶ ನಗಲು ಹೋದವನು ನಗಲಿಲ್ಲ. ಒಂದು ಹಣ್ಣನ್ನು ಬೆಳಕಿಗೆ ಹಿಡಿದ. ಸಿಪ್ಪೆಯ ತುಂಬ ಸಣ್ಣ ಸಣ್ಣ ಗುರುತು... ಉಗುರು ಒತ್ತಿದ ಗುರುತು.

“ಮಾಟದ ಹಣ್ಣಿಗೆ ಕುಂಕುಮ ಹಚ್ಚತಾರಲೇ, ಹಿಂಗ ಉಗುರು ಒತ್ತಂಗಿಲ್ಲ. ನಮ್ಮನಿಯಾಕಿ ಬಸ್ಸಿನ್ಯಾಗ ನಿಂಬಿಹಣ್ಣು ಹಿಡ್ಕೊಂಡೇ ಕೂಡ್ತಾಳ. ವಾಂತಿ ಬಂದಂಗಾದ್ರ ಉಗುರು ಒತ್ತಿ ಮೂಸತಾಳ.”

ಸೀಟಿನ ಬೆನ್ನು ತಟ್ಟಿ ಕೇಳಿದ. “ಈ ಸೀಟಿನ್ಯಾಗ ಯಾರ್ ಕೂಡ್ತಾರೋ?”

ಚನ್ನವೀರ ಕೈ ಚಾಚಿ ಹಣ್ಣುಗಳನ್ನು ಇಸಿದುಕೊಂಡ.

ಅವ್ವನಿಗೆ ಬಸ್ಸಿನ ತ್ರಾಸು ಬೇಡ ಎಂದೇ ಈ ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದ. ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಪ್ರತಿ ಸಲ ಚೆಕಪ್‌ಗೆ ಕರೆದುಕೊಂಡು ಹೋಗುವಾಗ ಗ್ಲಾಸ್ ಏರಿಸಿ, ಏಸಿ ಹಾಕಿ, ಮುಂದೆ ಘಮಘಮಿಸುವ ಮಲ್ಲಿಗೆ ಸೆಂಟಿನ ಬಾಟಲಿ ಇಡುತ್ತಿದ್ದ.

“ಅವ್ವಾ, ಆರಾಮ ಐತಿಲ್ಲೋ?”

“ಹೂನಪಾ... ಭಾಳ ಆರಾಮ.”

ಹಾಗೆನ್ನುವಾಗ ಅವಳ ಮುಷ್ಟಿ ಸೆರಗಿನೊಳಗೆ ಇರುತ್ತಿತ್ತು. ಚಳಿಗೆ ಎಂದುಕೊಂಡಿದ್ದ.

ಮನೆ ಮುಟ್ಟಿದ ಮೇಲೆ ಅವನು ಸುತ್ತಿ ಬಂದು ಅವಳ ಎರಡೂ ಕೈ ಹಿಡಿದು ಇಳಿಸುತ್ತಿದ್ದ. ಅಷ್ಟರೊಳಗೆ ಅವಳು ಹಣ್ಣನ್ನು ಸೀಟಿನ ಕೆಳಗೆ ಬಿಟ್ಟು ಕೈ ಖಾಲಿ ಮಾಡಿಕೊಳ್ಳಬೇಕಿತ್ತು...

ನಿಂಬೆಹಣ್ಣುಗಳನ್ನು ತೊಡೆಯ ಮೇಲಿಟ್ಟುಕೊಂಡು ಚನ್ನವೀರ ಅತ್ತ. ಫಕೀರೇಶ ಕೆಳಗಿಳಿದು, ಕಾರಿಗೆ ಬೆನ್ನು ಮಾಡಿ ನಿಂತ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು.

“ಏನಾಗಿತ್ತಪಾ ಗಾಡಿಗೆ?”

“ಏನಿಲ್ಲವ್ವ... ಒಂದು ನಟ್ಟು ಸಡಲಾಗಿತ್ತು. ಪಕ್ಯಾ ಬಿಗಿ ಮಾಡಿದ.”

“ಅಷ್ಟೇ ಏನು? ಅಷ್ಟಕ್ಕ ಆ ಗ್ಯಾರೇಜಿನಂವ ಅಷ್ಟು ಹೆದರಿಸಿದ್ನಾ!”

ಆಪರೇಷನ್ ತಪ್ಪಲಿಲ್ಲ. ಆ ದಿನ ಬೆಳಿಗ್ಗೆ ಕಾರಿನಲ್ಲಿ ಸೆಂಟಿನ ಬಾಟಲಿ ಇರಲಿಲ್ಲ. ನಾಲ್ಕೂ ಗ್ಲಾಸ್ ಇಳಿದಿದ್ದವು. ಲಾರಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದರೂ ಚನ್ನವೀರ ನಿಧಾನವಾಗಿಯೇ ನಡೆಸಿದ.

“ಇವತ್ತ ಗ್ಲಾಸ್ ಯಾಕ ಇಳಿಸೀಯಪಾ?”

“ಏಸಿ ಕೆಟ್ಟೈತವ್ವ.”

ಅವಳು ಸ್ವಲ್ಪ ಹೊತ್ತು ಗಾಳಿಗೆ ಮುಖ ಒಡ್ಡಿ ಕೂತಳು.

“ರಿಪೇರಿ ಮಾಡಸಬ್ಯಾಡ ಬಿಡು... ಗಾಳಿ ಚಲೋ ಬರತೈತಿ.”

ಅಣ್ಣಿಗೇರಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಸೆರಗಿನೊಳಗಿನ ಮುಷ್ಟಿ ತಾನಾಗಿ ಸಡಿಲಾಗಿತ್ತು.

*ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಾದರೆ, ಮೊದಲು ನಾವು ಸುಮ್ಮನಾಗಬೇಕು.*

ನಿಮ್ಮ ಪಕ್ಕದಲ್ಲಿ ಕೂತು ‘ಆರಾಮ’ ಎನ್ನುವವರ ಕೈಯೊಳಗೆ ಏನಿದೆ ಎಂದು ನೀವು ಎಂದಾದರೂ ನೋಡಿದ್ದೀರಾ?

ಏಸಿ ಕೆಟ್ಟೇ ಇರಲಿಲ್ಲ ಎಂದು ಚನ್ನವೀರ ಅವ್ವನಿಗೆ ಇವತ್ತಿಗೂ ಹೇಳಿಲ್ಲ.